ಮಗುಚಿದ ಕಾಲರ್

ಮಗಳಿಗೆ ಆರು ವರ್ಷವಾಗಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ. ಶಾಲೆ ಮುಗಿಸುವ ದಿನ ಅವಳು ತೊಡುವ ಬಟ್ಟೆಯನ್ನು ಮೊದಲ ಹೊಲಿಗೆಯಿಂದ ಕೊನೆಯ ಗುಂಡಿಯವರೆಗೆ ನಾನೊಬ್ಬಳೇ ಹೊಲಿದುಕೊಡುತ್ತೇನೆ ಎಂದು.

ಆ ಮಾತು ಹುಟ್ಟಿದ್ದು ಒಂದು ಬಟ್ಟೆ ಅಂಗಡಿಯ ಗಾಜಿನ ಮುಂದೆ. ಒಳಗೆ ನಿಲ್ಲಿಸಿದ್ದ ಗೊಂಬೆಗೆ ನಮ್ಮ ಕಾರ್ಖಾನೆಯ ಅಂಗಿ ತೊಡಿಸಿದ್ದರು. ಇದು ಅಮ್ಮ ಹೊಲಿದ ಅಂಗಿ ಅಂತ ದೊಡ್ಡದಾಗಿ ಹೇಳಿಕೊಂಡೆ. ಅವಳು ಗಾಜಿಗೆ ಮೂಗು ಒತ್ತಿ ನೋಡಿದಳು.

"ಪೂರ್ತಿ ನೀನೇನಾ?"

"ಕಾಲರ್ ನಾನು."

"ಕೈ?"

"ಕೈ ತೋಳಕ್ಕಂದು."

"ಜೇಬು?"

"ಅದು ಇನ್ನೊಬ್ಬರು."

ಸ್ವಲ್ಪ ಯೋಚಿಸಿ ಹೇಳಿದಳು, "ಹಾಗಾದ್ರೆ ನೀನು ಅಂಗಿ ಹೊಲಿಯಲ್ಲ. ಕುತ್ತಿಗೆ ಹೊಲಿತೀಯ."

ಸುಳ್ಳೇನಲ್ಲ. ನಮ್ಮ ಕಾರ್ಖಾನೆಯಲ್ಲಿ ಮಿಷನ್ನುಗಳು ಸಾಲಾಗಿ ಇದ್ದವು, ಒಬ್ಬೊಬ್ಬರಿಗೆ ಅಂಗಿಯ ಒಂದೊಂದು ಭಾಗ. ನನ್ನ ಮುಂದೆ ಕಟ್ಟುಗಟ್ಟಲೆ ಕಾಲರ್ ಬಂದು ಬೀಳುತ್ತಿತ್ತು, ನಾನು ಕೂಡಿಸಿ ಮುಂದಕ್ಕೆ ತಳ್ಳುತ್ತಿದ್ದೆ. ಪಕ್ಕದ ಸಾಲಿನ ಹಿರಿಯಳು ತೋಳು ಕೂಡಿಸುತ್ತಿದ್ದಳು, ಅದಕ್ಕೆ ಅವಳು ತೋಳಕ್ಕ. ನಾನು ಕಾಲರಮ್ಮ. ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ. ಸಾಲಿನ ಕೊನೆಗೆ ಚೆಕರ್ ಕೂತಿರುತ್ತಿದ್ದ. ತಪ್ಪು ಹುಡುಕುವುದು ಅವನ ಕೆಲಸ, ನಮ್ಮದಲ್ಲ. ಬಟ್ಟೆ ಒಂದೆಳೆ ಹೆಚ್ಚುಕಡಿಮೆ ಬಂದರೆ ಬೆರಳಲ್ಲೇ ಎಳೆದು ಸರಿದೂಗಿಸಿ ಓಡಿಸಬೇಕು. ಮಿಷನ್ ನಿಲ್ಲಿಸಿದರೆ ಹಿಂದಿನವರ ರಾಶಿ ಬೆಟ್ಟವಾಗುತ್ತದೆ, ಮೇಲಿನವರು ಬಂದು ತಲೆ ಮೇಲೆ ನಿಲ್ಲುತ್ತಾರೆ.

ಮಗಳು ಶಾಲೆಯ ಕೊನೆಯ ವರ್ಷಕ್ಕೆ ಬಂದಾಗ ಆ ಕಾರ್ಖಾನೆ ಮುಚ್ಚಿತು. ಬೆಳಿಗ್ಗೆ ಹೋದರೆ ಗೇಟಿಗೆ ಬೀಗ.

ನನ್ನವರು ಸಿಟಿ ಬಸ್ಸಿನ ಕಂಡಕ್ಟರು. ಅವರೊಬ್ಬರ ಸಂಬಳದಲ್ಲಿ ಮನೆ ಬಾಡಿಗೆ, ಮಗಳ ಓದು, ಅತ್ತೆಯ ಮಾತ್ರೆ ಎಲ್ಲ ನಡೆಯಬೇಕು ಎಂದರೆ ಚಿಕ್ಕ ಹೊದಿಕೆ ಇದ್ದಂತೆ. ತಲೆಗೆಳೆದರೆ ಕಾಲು ಹೊರಗೆ. ಬುದ್ಧಿ ಹೇಳುವವರಿಗೇನೂ ಬರವಿರಲಿಲ್ಲ. ಮನೆಮನೆಗೆ ಸಾಮಾನು ತಲುಪಿಸು ಎಂದ ಮೈದುನ. ಅದಕ್ಕೆ ಗಾಡಿ ಬೇಕು. ಬಾಡಿಗೆಗೆ ಕಾರು ಓಡಿಸು ಎಂದಳು ಪಕ್ಕದ ಮನೆಯವಳು, ನಾನು ದಿನಾ ಅವಳ ಕಣ್ಣ ಮುಂದೆಯೇ ಬಸ್ಸಿಗೆ ಓಡುವವಳು. ನನ್ನ ಹತ್ತಿರ ಇದ್ದದ್ದು ಎರಡು ಕಾಲು, ಕಂಡಕ್ಟರ ಹೆಂಡತಿಗೆ ಸಿಗುವ ಒಂದು ಪಾಸು, ಮತ್ತು ಅತ್ತೆಯ ಹಳೆಯ ಹೊಲಿಗೆ ಮಿಷನ್ನು. ಅದರ ಮೇಲೆ ಡಬ್ಬಿಗಳನ್ನು ಜೋಡಿಸಿ ನಾವು ಅದನ್ನು ಮೇಜು ಮಾಡಿಕೊಂಡಿದ್ದೆವು.

ಹೊಲಿಗೆ ಬರುತ್ತದೆಂದು ಜನ ಪ್ಯಾಂಟು ತಂದರು, ಪರದೆ ತಂದರು.

"ಪ್ಯಾಂಟ್ ಗಿಡ್ಡ ಮಾಡೋಕೆ ಬರಲ್ವಾ? ಇಷ್ಟು ವರ್ಷ ಅಲ್ಲಿ ಏನು ಮಾಡ್ತಿದ್ರಿ?" ಎಂದಳು ಪಕ್ಕದ ಮನೆಯವಳು.

"ಕಾಲರ್."

"ಅದು ಗೊತ್ತು. ಉಳಿದ ಹೊತ್ತು?"

ಉಳಿದ ಹೊತ್ತೂ ಕಾಲರೇ ಎಂದು ಹೇಳಲು ನಾಚಿಕೆಯಾಯಿತು.

ದಾರಿ ತೋರಿಸಿದ್ದು ನನ್ನವರ ಕುತ್ತಿಗೆ. ಅವರ ಸಮವಸ್ತ್ರದ ಕಾಲರ್ ಮಡಿಕೆಯ ಗೆರೆಯುದ್ದಕ್ಕೂ ಸವೆದು ನೂಲು ನೂಲಾಗಿತ್ತು. ಅಂಗಿಯ ಉಳಿದ ಭಾಗ ಗಟ್ಟಿಮುಟ್ಟು. ಯಾರ ಅಂಗಿಯೇ ಆಗಲಿ, ಮೊದಲು ಸಾಯುವುದು ಕಾಲರು. ನಾನು ಅದನ್ನು ಅಂಗಿಯ ಕುತ್ತಿಗೆ ಪಟ್ಟಿಯಿಂದ ಬಿಚ್ಚಿ, ರೊಟ್ಟಿಯ ಹಾಗೆ ಮಗುಚಿ, ಬಿಸಿಲನ್ನೇ ಕಾಣದ ಅಡಿಮೈಯನ್ನು ಮೇಲೆ ಮಾಡಿ ಮತ್ತೆ ಕೂಡಿಸಿದೆ. ಸವೆದ ಗೆರೆ ಒಳಗೆ ಅಡಗಿತು. ಮರುದಿನ ಡಿಪೋದಲ್ಲಿ ಎಲ್ಲರೂ ಹೊಸ ಅಂಗಿ ಯಾವಾಗ ಕೊಟ್ಟರು ಎಂದು ಕೇಳಿದರಂತೆ. ವಾರ ಕಳೆಯುವುದರೊಳಗೆ ಕಂಡಕ್ಟರುಗಳ, ಡ್ರೈವರುಗಳ ಅಂಗಿಗಳು ನಮ್ಮ ಮನೆಗೆ ಬರತೊಡಗಿದವು. ನಾನೇ ನಡೆದುಹೋಗಿ ತರುವುದು, ನಾನೇ ನಡೆದುಹೋಗಿ ಕೊಡುವುದು. ತರಕಾರಿ ಹಾಲು ತರುವಷ್ಟು ಸಿಗುತ್ತಿತ್ತು, ಬಾಡಿಗೆಗೆ ಎಟುಕುತ್ತಿರಲಿಲ್ಲ.

ಆಗಲೇ ತೋಳಕ್ಕನ ಫೋನು ಬಂತು.

"ಲೇ ಕಾಲರಮ್ಮ, ಕೇಳಿಲ್ಲಿ. ದೂರದ ಊರಲ್ಲಿ ಹೊಸ ಕಾರ್ಖಾನೆ. ನಮ್ಮ ಸಾಲಿನೋರನ್ನೇ ಕೇಳ್ತಿದಾರೆ. ಊಟ, ಹಾಸಿಗೆ ಅವರದೇ. ಹಬ್ಬಕ್ಕೋ ಹುಣ್ಣಿಮೆಗೋ ಮನೆಗೆ ಬಿಡ್ತಾರಂತೆ."

"ಅಲ್ಲೇ ಇರಬೇಕಾ?"

"ಮತ್ತೆ ದಿನಾ ಹಾರ್ಕೊಂಡು ಬರ್ತೀಯಾ? ತಿಂಗಳ ಕೊನೆಗೆ ಹೆಸರು ಕೊಡ್ಬೇಕು. ಆಮೇಲೆ ಅತ್ತರೆ ನನ್ನ ಹತ್ರ ಬರ್ಬೇಡ."

ಮಗಳ ಶಾಲೆ ಮುಗಿಯುವುದಕ್ಕೆ ಇನ್ನೂ ಸಮಯವಿತ್ತು. ಹೋದರೆ ಆ ವರ್ಷ ಅವಳ ಮುಖವನ್ನು ಫೋನಿನಲ್ಲೇ ನೋಡಬೇಕು. ಹೋಗದಿದ್ದರೆ ಮನೆಯನ್ನೇ ಬಿಡಬೇಕಾಗಬಹುದು. ಮನೆಯಲ್ಲಿ ಹೇಳಿದೆ. ನನ್ನವರು ಟಿಕೆಟ್ ಚೀಲವನ್ನು ಸುಮ್ಮನೆ ಒರೆಸುತ್ತ ಕೂತರು. ಮಗಳು "ಹೋಗಮ್ಮ, ನಾನು ನೋಡ್ಕೋತೀನಿ" ಎಂದು ಪುಸ್ತಕದಿಂದ ತಲೆಯೆತ್ತದೆ ಹೇಳಿದಳು. ಪುಟವನ್ನೂ ತಿರುವಲಿಲ್ಲ. ಅತ್ತೆ ಮಾತ್ರ ಬಾಯಿಬಿಟ್ಟು ಹೇಳಿದರು, "ನೀನು ಹೋದ್ರೆ ನಾನು ಯಾರ ಮೇಲೆ ಕೂಗಾಡ್ಲಿ? ಇವನು ಕಿವುಡನ ಹಾಗೆ ಕೂತ್ಕೋತಾನೆ."

ನಮ್ಮ ಅತ್ತೆಯ ಬಗ್ಗೆ ಇಲ್ಲಿ ಹೇಳಿಬಿಡಬೇಕು. ಅವರು ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ, ಆದರೆ ಅಡುಗೆಮನೆಯಲ್ಲಿ ಉಪ್ಪು ಹೆಚ್ಚಾದದ್ದು ಅವರಿಗೆ ಅಲ್ಲಿಂದಲೇ ಗೊತ್ತಾಗುತ್ತದೆ. ಒಗೆದ ಬಟ್ಟೆಯಲ್ಲಿ ಕಲೆ, ಗುಡಿಸಿದ ನೆಲದಲ್ಲಿ ಕೂದಲು, ಮಾತಿನಲ್ಲಿ ಕೊಂಕು, ಎಲ್ಲವೂ ಅವರಿಗೆ ಕಾಣುತ್ತದೆ. ಒಳ್ಳೆಯ ಕಣ್ಣು, ಅದಕ್ಕಿಂತ ಒಳ್ಳೆಯ ನಾಲಿಗೆ.

ತಿಂಗಳು ಮುಗಿಯುತ್ತ ಬಂದಿತ್ತು. ನನ್ನವರ ಬಸ್ಸಿಗೆ ದಿನಾ ಹತ್ತುವವನೊಬ್ಬ ದೊಡ್ಡ ಹೋಟೆಲೊಂದರ ಹೆಡ್ ವೇಟರು. ಕಂಡಕ್ಟರ ಕಾಲರು ಹೇಗೆ ಒಂದೇ ದಿನಕ್ಕೆ ಹರೆಯಕ್ಕೆ ಬಂತೆಂದು ಕೇಳಿ, ತನ್ನ ಕೈಕೆಳಗಿನವರ ಬಿಳಿ ಅಂಗಿಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿ ಕಳಿಸಿದ್ದ. ಚೆನ್ನಾಗಿ ಬಂದರೆ ತಿಂಗಳು ತಿಂಗಳು ಕೊಡುತ್ತೇನೆ, ನಮ್ಮ ಮಾಲೀಕರಿಗೆ ಇನ್ನೂ ಎರಡು ಹೋಟೆಲಿವೆ ಎಂದು ಹೇಳಿಕಳಿಸಿದ್ದ.

ಆ ಚೀಲ ಕಂಡು ನನಗೆ ಮೈಯಲ್ಲಿ ಹೊಸ ರಕ್ತ ಬಂದಹಾಗಾಯಿತು. ಎಷ್ಟೋ ದಿನದ ಮೇಲೆ ಒಂದೇ ಥರದ ಬಟ್ಟೆಯ ರಾಶಿ. ಕೈ ತಾನಾಗಿಯೇ ಕಾರ್ಖಾನೆಗೆ ಹೋಯಿತು. ಮೊದಲು ಎಲ್ಲ ಕಾಲರನ್ನೂ ಬಿಚ್ಚಿದೆ. ಆಮೇಲೆ ಎಲ್ಲವನ್ನೂ ಮಗುಚಿ, ಇಸ್ತ್ರಿ ಮಾಡಿ, ಒಂದರ ಮೇಲೊಂದು ಒಟ್ಟಿದೆ. ಆಮೇಲೆ ಮಿಷನ್ನಿಗೆ ಕೂತು ಒಂದೊಂದಾಗಿ ಕೂಡಿಸುತ್ತ ಹೋದೆ. ರಾಶಿಯ ಮೇಲಿನ ಕಾಲರು, ರಾಶಿಯ ಮೇಲಿನ ಅಂಗಿ. ಎಲ್ಲೋ ಒಂದು ಚೂರು ಉದ್ದ ಬಂತು, ಬೆರಳು ಅದನ್ನು ಒಳಗೆ ತುಂಬಿತು. ಎಲ್ಲೋ ಗಿಡ್ಡ ಬಂತು, ಬೆರಳು ಎಳೆದುಕೊಟ್ಟಿತು. ಕಾಲು ತುಳಿಯುವುದನ್ನು ನಿಲ್ಲಿಸಲಿಲ್ಲ.

"ಒಂದು ಮಾತು ಹೇಳ್ಲಾ?" ಎಂದರು ಅತ್ತೆ ಕಿಟಕಿಯಿಂದ.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೊಂದು ದಿನ ಏನೂ ಹೇಳ್ಬೇಡಿ."

ಅವರು ಬಾಯಿ ಮುಚ್ಚಿದರು. ಮದುವೆಯಾಗಿ ಬಂದಾಗಿನಿಂದ ನನಗೆ ಸಿಕ್ಕ ಮೊದಲ ಗೆಲುವು ಅದು. ಸಂಜೆಯ ಹೊತ್ತಿಗೆ ಅಂಗಿಗಳೆಲ್ಲ ಮುಗಿದು, ಮಡಿಕೆಯಾಗಿ, ಚೀಲ ಸೇರಿ, ನನ್ನವರ ಬಸ್ಸಿನಲ್ಲೇ ಹೋಟೆಲಿಗೆ ಹೋದವು.

ಮರುದಿನ ಮಧ್ಯಾಹ್ನ ಹೆಡ್ ವೇಟರು ಫೋನು ಮಾಡಿದ. ದನಿ ಬಹಳ ಮೆತ್ತಗಿತ್ತು. ಅದಕ್ಕೇ ನನಗೆ ಹೆದರಿಕೆಯಾದದ್ದು.

"ತಾಯೀ, ಒಂದ್ಸಲ ಬಂದು ಹೋಗ್ತೀರಾ? ಬರುವಾಗ ಸೂಜಿ ದಾರ ಇರಲಿ."

ಸೆರಗು ಸರಿಮಾಡಿಕೊಂಡು ಹೊರಟೆ. ಹಿಂದಿನಿಂದ ಕೋಲಿನ ಸದ್ದು. ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

"ನೀವೆಲ್ಲಿಗೆ?"

"ಇವತ್ತು ಮಾತಾಡಬಹುದು ತಾನೇ? ನಡಿ."

ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋದರೆ ಬಟ್ಟೆ ಒಗೆದು ಜೋಡಿಸುವ ಕೋಣೆ. ಅಲ್ಲಿ ವೇಟರುಗಳೆಲ್ಲ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು, ನನಗೆ ತೋರಿಸಲೆಂದೇ. ದಪ್ಪನೆಯ ಒಬ್ಬನ ಕಾಲರಿನ ಎರಡು ತುದಿಗಳು ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಆಚೆಗೊಂದು ಈಚೆಗೊಂದು ನಿಂತಿದ್ದವು. ಅವನ ಪಕ್ಕದ ಸಣಕಲನ ಕಾಲರು ಕುತ್ತಿಗೆಯ ಸುತ್ತ ಎಲೆಕೋಸಿನಂತೆ ಸುಕ್ಕುಸುಕ್ಕಾಗಿ ಅರಳಿತ್ತು. ಅಂಗಿ ಅಂಗಿಗೂ ಕಾಲರು ಅದಲುಬದಲಾಗಿತ್ತು.

"ನನಗೇನೋ ಇದು ಚೆನ್ನಾಗೇ ಇದೆ" ಎಂದ ಸಣಕಲ. "ಸೂಪು ಚೆಲ್ಲಿದ್ರೆ ಇದರಲ್ಲೇ ನಿಲ್ಲುತ್ತೆ."

ಎಲ್ಲರೂ ನಕ್ಕರು, ಹೆಡ್ ವೇಟರು ಮಾತ್ರ ನಗಲಿಲ್ಲ. "ಸಂಜೆಗೆ ಹಾಲ್ ತುಂಬ ಜನ ಇದಾರೆ ತಾಯಿ. ಬೇರೆ ಅಂಗಿ ಇಲ್ಲ. ಮಾಲೀಕರಿಗೆ ಹೊಸ ಅಂಗಿ ಬೇಡ, ಇದೇ ಸಾಕು ಅಂತ ನಾನೇ ಹೇಳಿದ್ದು."

ಕಾರ್ಖಾನೆಯಲ್ಲಾದರೆ ಇದು ಚೆಕರ್ ಕಣ್ಣಿಗೆ ಬಿದ್ದು ಅಲ್ಲೇ ವಾಪಸಾಗುತ್ತಿತ್ತು. ಅಲ್ಲಿ ನನ್ನ ಮುಂದೆ ಬರುತ್ತಿದ್ದ ಕಟ್ಟಿನಲ್ಲಿ ಎಲ್ಲವೂ ಒಂದೇ ಅಳತೆಯವು, ಯಾವುದನ್ನು ಯಾವುದಕ್ಕೆ ಹಾಕಿದರೂ ನಡೆಯುತ್ತಿತ್ತು. ಇವು ಇಷ್ಟು ಜನ ಬೇರೆ ಬೇರೆ ಕುತ್ತಿಗೆಯವರ ಅಂಗಿಗಳು ಎನ್ನುವುದು ನನ್ನ ತಲೆಗೆ ಹೋಗಿಯೇ ಇರಲಿಲ್ಲ. ಬೆರಳಿಗೆ ಗೊತ್ತಾಗಿತ್ತು, ಅದು ಗುಟ್ಟಾಗಿ ಮುಚ್ಚಿಹಾಕಿತ್ತು.

"ಅದಲುಬದಲಾಗಿವೆ. ತಪ್ಪು ನಂದೇ" ಎಂದೆ. "ಇಲ್ಲೇ ಸರಿ ಮಾಡಿಕೊಡ್ತೀನಿ. ಮಿಷನ್ ಇದ್ಯಾ?"

"ಪರದೆ ಹೊಲಿಯೋದು ಒಂದಿದೆ. ಸಂಜೆಯೊಳಗೆ ಆಗುತ್ತಾ?"

ನಾನು ಉತ್ತರ ಕೊಡುವ ಮೊದಲೇ ಅತ್ತೆ ಸ್ಟೂಲು ಎಳೆದುಕೊಂಡು ಕೂತಿದ್ದರು. "ನಿನ್ನೆನೇ ನನಗೆ ಕಂಡಿತ್ತು. ಬಾಯಿ ಮುಚ್ಚು ಅಂದ್ಲು, ಮುಚ್ಚಿದೆ. ಅಂಗಿ ಬಿಚ್ಚಿ ಎಲ್ಲರೂ. ಏಯ್ ದಪ್ಪ, ನೀನು ಮೊದಲು ಬಾ. ನಾಚಿಕೆ ಏನಪ್ಪ, ನಿನ್ನಂಥೋರನ್ನ ನಾನು ತೊಟ್ಟಿಲಲ್ಲಿ ತೂಗಿದ್ದೀನಿ."

ಬನಿಯನ್ನಿನಲ್ಲಿ ವೇಟರುಗಳು ಬಟ್ಟೆ ಮೂಟೆಗಳ ಮೇಲೆ ಕೂತರು. ನಾನು ಕಾಲರು ಬಿಚ್ಚಿ ಬಿಚ್ಚಿ ಅತ್ತೆಯ ಮಡಿಲಿಗೆ ಹಾಕಿದೆ. ಅವರು ಒಂದೊಂದನ್ನೂ ಅಂಗಿಯ ಪಟ್ಟಿಗೆ ಹಿಡಿದು, ಹೆಬ್ಬೆರಳು ಓಡಿಸಿ, "ಇದಲ್ಲ... ಇದೂ ಅಲ್ಲ... ಹಾಂ, ಇದು ಅಪ್ಪನ ಮನೆಗೆ ಬಂತು" ಎನ್ನುತ್ತ ಜೋಡಿ ಮಾಡಿ ಕೊಟ್ಟರು. ನಾನು ಕೂಡಿಸಿ ವಾಪಸು ಕೊಟ್ಟರೆ ಇನ್ನೊಂದು ಸಲ ಹೆಬ್ಬೆರಳು. ಸಣಕಲನದ್ದನ್ನು ಎರಡು ಬಾರಿ ಹಿಂದಕ್ಕೆಸೆದರು. "ಮೂಲೆ ನೋಡು, ಇಲಿ ಕಿವಿ ಇದ್ದಹಾಗಿದೆ." ಕಾರ್ಖಾನೆಯ ಚೆಕರ್ ಕೂಡ ನನಗೆ ಹಾಗೆ ಅಂದಿರಲಿಲ್ಲ. ಎರಡು ಬಾರಿಯೂ ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಊಟದ ಹಾಲಿನ ದೀಪಗಳು ಹೊತ್ತಿಕೊಳ್ಳುವ ಹೊತ್ತಿಗೆ ಕೊನೆಯ ಅಂಗಿ ಮುಗಿಯಿತು. ಹೆಡ್ ವೇಟರು ಎಲ್ಲರನ್ನೂ ಕನ್ನಡಿಯ ಮುಂದೆ ಹಾಯಿಸಿ ನೋಡಿದ. ದಪ್ಪನವನು ಕುತ್ತಿಗೆ ಆಚೆ ಈಚೆ ತಿರುಗಿಸಿ, "ಉಸಿರಾಡಬಹುದು" ಎಂದ. ಬಾಗಿಲು ತೆಗೆದರು, ಎಲ್ಲರೂ ಒಳಗೆ ಹೋದರು.

ನಾನು ಸೂಜಿ ದಾರ ಎತ್ತಿಟ್ಟುಕೊಳ್ಳುತ್ತ, ಇನ್ನು ತೋಳಕ್ಕನಿಗೆ ಫೋನು ಮಾಡುವುದೇ ಎಂದುಕೊಂಡಿದ್ದೆ. ಹೆಡ್ ವೇಟರು ನಮ್ಮಿಬ್ಬರಿಗೂ ಟೀ ತರಿಸಿಕೊಟ್ಟ.

"ತೋಳ ತುದಿಯ ಕಫ್ ಕೂಡ ಮಗುಚೋಕೆ ಬರುತ್ತಾ ತಾಯಿ?"

ಬರುತ್ತದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆಯ ಮುಖ ನೋಡಿದೆ. "ಇಲ್ಲ. ಕಾಲರ್ ಮಾತ್ರ."

"ಸರಿ, ಕಾಲರೇ ಆಗಲಿ. ಉಳಿದ ಎರಡು ಹೋಟೆಲಿಂದೂ ಕಳಿಸ್ತೀನಿ. ಆದ್ರೆ ಒಂದು ಷರತ್ತು."

ನಾನು ಲೋಟ ಕೆಳಗಿಟ್ಟೆ.

"ಈ ಅಜ್ಜಿ ನೋಡದೆ ಒಂದು ಅಂಗಿನೂ ಬರಬಾರದು."

ಅತ್ತೆ ಟೀ ಗುಟುಕರಿಸಿ, "ಸಕ್ಕರೆ ಕಡಿಮೆ" ಎಂದರು.

ಮನೆಗೆ ಹೋಗುವಾಗ ಬಸ್ಸಿನಲ್ಲಿ ನನ್ನವರೇ ಕಂಡಕ್ಟರು. ನಮ್ಮನ್ನು ನೋಡಿ, ಜನರ ನಡುವೆ ನುಗ್ಗಿ ಬಂದು ಏನಾಯಿತೆಂದು ಹುಬ್ಬಿನಲ್ಲೇ ಕೇಳಿದರು. ಅತ್ತೆಯನ್ನೇ ಕೇಳಿ ಎಂದು ಕೈ ತೋರಿಸಿದೆ. ಕಿಟಕಿಯ ಕಂಬಿಗೆ ಹಣೆ ಒತ್ತಿ ಕೂತೆ. ಗಾಳಿ ಬರುತ್ತಿತ್ತು. ಎಷ್ಟೋ ದಿನದಿಂದ ಹೆಗಲ ಮೇಲೆ ಕೂತಿದ್ದ ಯಾರೋ ಹಿಂದಿನ ಸ್ಟಾಪಿನಲ್ಲಿ ಇಳಿದುಹೋದಂತಿತ್ತು.

"ಹೋಗಲ್ಲ ಅವಳು" ಎಂದರು ಅತ್ತೆ ಇಡೀ ಬಸ್ಸಿಗೆ ಕೇಳುವಂತೆ. "ನನಗೆ ಕೆಲಸ ಸಿಕ್ಕಿದೆ."

ಕಾರ್ಖಾನೆಯಲ್ಲಿ ಬರುತ್ತಿದ್ದಷ್ಟು ಈಗಲೂ ಬರುವುದಿಲ್ಲ. ಆದರೆ ಬಾಡಿಗೆ ಹೋಗುತ್ತದೆ, ಒಲೆ ಉರಿಯುತ್ತದೆ. ಈಗ ಒಂದು ಕಾಲರು ಬಿಚ್ಚಿದರೆ ಅದನ್ನು ಹಾಕಿ ಮುಗಿಸುವ ತನಕ ಇನ್ನೊಂದನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಕಿಟಕಿಯಿಂದ ಕೆಮ್ಮು ಕೇಳುತ್ತದೆ.

ಮೊದಲ ತಿಂಗಳ ಹೋಟೆಲಿನ ದುಡ್ಡಿನಲ್ಲಿ ಕಡುಹಸಿರು ಬಟ್ಟೆ ತಂದೆ. ಶಾಲೆ ಮುಗಿಯುವ ದಿನಕ್ಕೆ ಮಗಳಿಗೆ ಕಾಲರ್ ಇರುವ ಉದ್ದನೆಯ ಗೌನು ಬೇಕಿತ್ತು, ಬಹುಶಃ ನನ್ನನ್ನು ನೋಡಿಯೇ ಕಾಲರ್ ಇರಲಿ ಎಂದಿದ್ದಳು. ಅವಳ ಹಳೆಯ ಗೌನನ್ನು ನೆಲದ ಮೇಲೆ ಹರಡಿ, ಅದರ ಸುತ್ತ ಗೆರೆ ಎಳೆದು ಕತ್ತರಿಸಿದೆ. ಕಾಲರು ಒಂದೇ ಏಟಿಗೆ ಕೂತಿತು. ಮೈ ಹೊಲಿದೆ, ಬಿಚ್ಚಿದೆ, ಹೊಲಿದೆ. ಗುಂಡಿ ಹಾಕಿದೆ. ತೋಳಿಗೆ ಬಂದಾಗ ಕಾಡಿನಲ್ಲಿ ದಾರಿ ತಪ್ಪಿದಂತಾಯಿತು. ಮೊದಲ ಸಲ ಎಡದ್ದು ಬಲಕ್ಕೆ ಹೋಯಿತು. ತಿರುಗಿಸಿ ಹಾಕಿದರೆ ಮಗಳು ಕೈ ಎತ್ತಿದಾಗ ಇಡೀ ಗೌನೇ ಮೇಲೆ ಬಂತು.

"ಕೈ ಎತ್ತದೆ ಇರ್ತೀನಿ ಬಿಡಮ್ಮ" ಎಂದಳು ಅವಳು.

"ಪಾಸಾಗಲ್ಲ" ಎಂದರು ಅತ್ತೆ.

ಆ ವಾರದ ಭಾನುವಾರ ತೋಳಕ್ಕ ಬಂದಳು. ದೂರದ ಊರಿಗೆ ಹೊರಡುವವಳು, ಹೇಳಿಹೋಗಲು ಬಂದಿದ್ದಳು. ಚೀಲ ಬಾಗಿಲಲ್ಲೇ ಇಟ್ಟು, ನನ್ನನ್ನು ಸಾಕಷ್ಟು ಬೈದು, ನೀರು ಕುಡಿದು, ಆಮೇಲೆ ಮೊಳೆಗೆ ತೂಗುಹಾಕಿದ್ದ ಗೌನಿನ ಕಡೆ ಕಣ್ಣು ಹಾಯಿಸಿದಳು. ಎದ್ದುಹೋಗಿ ತೋಳಿನೊಳಗೆ ಕೈ ಹಾಕಿ ನೋಡಿದಳು.

"ಈ ತೋಳು ಯಾವ ಪುಣ್ಯಾತ್ಗಿತ್ತಿ ಹಾಕಿದ್ದು?"

"ನಾನೇ."

"ಗೊತ್ತಾಯ್ತು. ಮಿಷನ್ ಬಿಟ್ಟು ಏಳು."

"ಬೇಡಕ್ಕ. ಪೂರ್ತಿ ನಾನೇ ಹೊಲಿತೀನಿ ಅಂತ ಇವಳು ಸಣ್ಣವಳಿದ್ದಾಗ ಮಾತು ಕೊಟ್ಟಿದ್ದೀನಿ."

"ಶಾಲೆಗೆ ಏನು ಹಾಕ್ಕೊಂಡು ಹೋಗ್ತಾಳೆ? ನಿನ್ನ ಮಾತನ್ನೋ, ಗೌನನ್ನೋ?"

ನಾನು ಮಗಳ ಕಡೆ ನೋಡಿದೆ. ಅವಳು ಗೋಡೆಗೊರಗಿ ನಿಂತು ನಗು ತಡೆದುಕೊಳ್ಳುತ್ತಿದ್ದಳು.

"ಅಮ್ಮ, ಕೈ ತೋಳಕ್ಕಂದು ಅಂತ ಅವತ್ತೇ ಹೇಳಿದ್ಯಲ್ಲ."

ನೆನಪಿಟ್ಟುಕೊಂಡಿದ್ದಳು. ನಾನು ಎದ್ದೆ. ತೋಳಕ್ಕ ಕೂತಳು. ಬಟ್ಟೆಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ, ಅಂಚಿಗೆ ಸಣ್ಣ ಸುಕ್ಕು ಕೊಟ್ಟು, ನನ್ನ ಅತ್ತೆಯ ಜೊತೆ ಕಾರ್ಖಾನೆಯ ಹಾಸಿಗೆಯಲ್ಲಿ ತಿಗಣೆ ಇರುತ್ತದೋ ಇಲ್ಲವೋ ಎಂದು ಮಾತಾಡುತ್ತಲೇ ಎರಡೂ ತೋಳು ಕೂಡಿಸಿ ದಾರ ಕಡಿದಳು. ಅತ್ತೆ ಹೆಬ್ಬೆರಳು ಓಡಿಸಿದರು. ಓಡಿಸುತ್ತ ಓಡಿಸುತ್ತ ತುದಿಗೆ ಬಂದರು, ಏನೂ ಸಿಗಲಿಲ್ಲ. ಅದು ಅವರಿಗೆ ಸ್ವಲ್ಪ ಬೇಜಾರೇ ಆಯಿತೆಂದು ಕಾಣುತ್ತದೆ.

ತೋಳಕ್ಕನನ್ನು ಬಸ್ಸಿನವರೆಗೆ ಬಿಟ್ಟು ಬಂದೆ. ಹತ್ತುವಾಗ ಅವಳು ತಿರುಗಿ, "ಅಲ್ಲಿ ಕಾಲರ್ ಹಾಕೋಳು ಎಂಥವಳೋ ಏನೋ" ಎಂದಳು.

ಶಾಲೆ ಮುಗಿದ ದಿನ ಮಗಳು ಆ ಗೌನು ತೊಟ್ಟು ವೇದಿಕೆ ಹತ್ತಿದಳು. ನನ್ನವರು ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದರು, ಅತ್ತೆ ಉಳಿದ ಮಕ್ಕಳ ಬಟ್ಟೆಯ ಅಂಚುಗಳನ್ನು ನೋಡುತ್ತಿದ್ದರು, ನಾನು ಮೂರನೆಯ ಸಾಲಿನಲ್ಲಿದ್ದೆ. ಅವಳು ನಮ್ಮನ್ನು ಹುಡುಕಿ, ಕೈಯನ್ನು ತಲೆಯ ಮೇಲಿನವರೆಗೆ ಎತ್ತಿ ಬೀಸಿದಳು. ಗೌನು ಇದ್ದಲ್ಲೇ ಇತ್ತು.

ಕಾಲರು ನನ್ನದು, ಮೈ ನನ್ನದು, ಗುಂಡಿಗಳು ನನ್ನವು. ತೋಳುಗಳು ನನ್ನವಲ್ಲ. ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.